ಕಾಗೆ ಇಲ್ಲದಿದ್ದರೂ ಅದೇ ಕಾಡು

ಪ್ರಿಯ ಗೆಳೆಯಾ,

ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್‌ನ ‘ಶಸರ್ ಇನ್ ದಿ ಫಾರೆಸ್ಟ್’ (ಹಿಮದ ಕಾಡಿನಲ್ಲಿ ಒಂಟಿಯಾಗಿ ನಿಂತ ‘ಶಸರ್’, ಅಂದರೆ ಫ್ರೆಂಚ್ ಅಶ್ವದಳದ ಸೈನಿಕ) ನೋಡಿ, "ಕಾಗೆ ಅಂದ್ರೆ ಸಾವು, ಅಷ್ಟೇ ತಾನೇ?" ಅಂತ ಕೇಳಿದ್ದೀಯಲ್ಲ. ಆ ಮಟ್ಟಿಗೆ ನಿನ್ನ ಮಾತು ಸರಿ. 1814ರ ಚಿತ್ರ ಅದು. ಅದೇ ವರ್ಷ ಬರ್ಲಿನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ ಅಲ್ಲಿನ ಪತ್ರಿಕೆಯೊಂದು ಕೂಡ ಕಾಗೆ ಫ್ರೆಂಚ್ ಸೈನಿಕನಿಗೆ ಸಾವಿನ ಹಾಡು ಹಾಡುತ್ತಿದೆ ಅಂತಲೇ ಬರೆದಿತ್ತು. ನೆಪೋಲಿಯನ್ 1812ರಲ್ಲಿ ರಷ್ಯಾದ ಹಿಮದಲ್ಲಿ ಸೈನ್ಯ ಕಳೆದುಕೊಂಡ, 1813ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೋತ. ಫ್ರೀಡ್ರಿಕ್ ವಾಸವಿದ್ದ ಡ್ರೆಸ್ಡೆನ್ ನಗರ ಕೂಡ 1813ರಲ್ಲಿ ಫ್ರೆಂಚರ ಕೈಲಿತ್ತು. ಆಗಿನ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಈಗ ಒಂದು ಕೆಲಸ ಮಾಡು. ಹೆಬ್ಬೆರಳಿಂದ ಕಾಗೆಯನ್ನು ಮುಚ್ಚಿಕೊಂಡು ನೋಡು. ಎದೆ ಭಾರ ಏನಾದರೂ ಇಳಿಯಿತಾ? ನನಗಂತೂ ಇಳಿಯಲಿಲ್ಲ. ಚಿತ್ರ ಅಗಲಕ್ಕಿಂತ ಎತ್ತರ ಜಾಸ್ತಿ. ಹಿಮ ಹೊತ್ತ, ಕ್ರಿಸ್‌ಮಸ್ ಮರದಂಥ ಫರ್ ಮರಗಳು ಗೋಡೆ ಕಟ್ಟಿದ ಹಾಗೆ ನಿಂತಿವೆ. ಕಣ್ಣು ಹಾಯಿಸೋಣ ಅಂದರೆ ದೂರ ಅನ್ನೋದೇ ಇಲ್ಲ. ಆ ಮರಗಳ ಕೆಳಗೆ ಸೈನಿಕ ತೀರಾ ಚಿಕ್ಕವನು. ಉದ್ದ ಕೋಟು, ಹೆಲ್ಮೆಟ್ಟು, ಕತ್ತಿ ಎಲ್ಲಾ ಇವೆ. ಕುದುರೆ ಮಾತ್ರ ಇಲ್ಲ.

ಅವನು ನಮಗೆ ಬೆನ್ನು ಮಾಡಿ ನಿಂತಿದ್ದಾನೆ. ಮುಖ ಕಾಣದ ಮೇಲೆ ಭಯವೋ ಸುಸ್ತೋ ಹೇಗೆ ಹೇಳೋದು? ಅವನೆದುರಿನ ಕತ್ತಲನ್ನೇ ನಾವೂ ನೋಡಬೇಕು, ಬೇರೆ ದಾರಿಯಿಲ್ಲ. ಶತ್ರುವಿಗೆ ಹೀಗೇ ಆಗಬೇಕು ಅಂತ ಬರೆದ ಚಿತ್ರ ಅನ್ನುತ್ತಾರೆ, ಇರಬಹುದು. ಆದರೆ ನನಗೆ ಅವನ ಮೇಲೆ ಕನಿಕರವೇ ಬರುತ್ತದೆ.

ಕೆಲವರ ಪ್ರಕಾರ ಕಡಿದ ಮರದ ಬೊಡ್ಡೆಗಳು ಅಂದರೆ ಯುದ್ಧದಲ್ಲಿ ಸತ್ತ ಜರ್ಮನ್ ಸೈನಿಕರಂತೆ, ಹಿಮದಿಂದ ತಲೆ ಎತ್ತಿರುವ ಪುಟ್ಟ ಫರ್ ಸಸಿಗಳು ಮುಂದಿನ ಪೀಳಿಗೆಯಂತೆ. ಬೊಡ್ಡೆಯ ಮಾತು ನನಗೆ ಸ್ವಲ್ಪ ಎಳೆದು ತಂದ ಹಾಗನ್ನಿಸುತ್ತದೆ. ಸಸಿಗಳದ್ದು ಒಪ್ಪುತ್ತೇನೆ. ಇನ್ನೊಂದು ಗಮನಿಸಿದೆಯಾ? ಕಾಗೆ, ಬೊಡ್ಡೆ, ಸಸಿ ಎಲ್ಲಾ ಇರೋದು ಅವನ ಬೆನ್ನ ಹಿಂದೆ. ಅವನಿಗೆ ಒಂದೂ ಕಾಣುತ್ತಿಲ್ಲ. ಸಂಕೇತ ಎಲ್ಲಾ ನಮ್ಮ ಪಾಲಿಗೆ, ಅವನ ಪಾಲಿಗೆ ಬರೀ ಕಾಡು.

ಹಾಗಂತ ಫರ್ ಮರ ಅಂದರೆ ಕೇಡು ಅಂತ ಬರೆದಿಟ್ಟುಕೊಳ್ಳಬೇಡ ಮಾರಾಯಾ. ಇದೇ ಫ್ರೀಡ್ರಿಕ್ 1811ರಲ್ಲಿ ‘ವಿಂಟರ್ ಲ್ಯಾಂಡ್‌ಸ್ಕೇಪ್’ ಬರೆದ. ಅದೇ ಹಿಮ, ಅದೇ ಫರ್. ಅಲ್ಲಿ ಕುಂಟನೊಬ್ಬ ಬಂಡೆಗೆ ಒರಗಿ ಶಿಲುಬೆಯ ಮುಂದೆ ಪ್ರಾರ್ಥಿಸುತ್ತಿದ್ದಾನೆ, ಮರ ಅವನಿಗೆ ಆಸರೆ. ಹಿಂದೆ ಮಂಜಿನಲ್ಲಿ ಕಾಣುವ ಚರ್ಚಿನ ಗೋಪುರಕ್ಕೂ ಫರ್ ಮರದ್ದೇ ಆಕಾರ. ಮರ ಅದೇ, ಮನುಷ್ಯನನ್ನು ಎಲ್ಲಿ ನಿಲ್ಲಿಸಿದ್ದಾನೆ ಅನ್ನೋದು ಬೇರೆ.

ಆ ಚಿತ್ರದ ಒಂದು ಪ್ರತಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಫೋಟೋ ಸಿಕ್ಕರೆ ಚೆನ್ನಾಗಿ ಹಿಗ್ಗಿಸಿ ನೋಡು. ಅವನು ಎಸೆದ ಊರುಗೋಲುಗಳು ಹಿಮದಲ್ಲಿ ಬಿದ್ದಿವೆ. ಕಣ್ಣಿಗೆ ಬಿದ್ದವಾ ಅಂತ ಬರಿ.

ನಿನ್ನ,
ಗೆಳೆಯ