ದೇವರ ಸೇವಕರ (ಬೋಧಕರ) ಮೇಲಿನ ಆರೋಪಗಳ ಚರ್ಚೆ: ಗುಂಪಿನವರ ಗಮನಕ್ಕೆ

ಪ್ರಿಯ ಸಹೋದರ ಸಹೋದರಿಯರೇ,

ಉಜ್ಜೀವನ ಕೂಟಗಳ (ಭಕ್ತಿಯನ್ನು ಮತ್ತೆ ಎಬ್ಬಿಸುವ ಕ್ರೈಸ್ತ ಸಭೆಗಳ) ನಾಯಕರ ತಪ್ಪಿನ ಮಾತು ಬಂದರೆ ಸಾಕು, ‘ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬೇಡಿ’ ಅಂತ ಬಾಯಿ ಮುಚ್ಚಿಸುವುದು ಜಾಸ್ತಿಯಾಗಿದೆ. ಇನ್ನು ಇದು ಬೇಡ. ಸಭೆಯ ಹಿರಿಯರ ಮೇಲೆ ದೂರು ಬಂದರೆ ಇಬ್ಬರು ಮೂವರು ಸಾಕ್ಷಿಗಳಿರಬೇಕು ಅಂತ ಬೈಬಲಿನ 1 ತಿಮೊಥೆಯ 5:19ರಲ್ಲಿದೆ, ನಿಜ. ಮುಂದಿನ ವಚನವನ್ನೂ ಓದಿ: ಪಾಪದಲ್ಲಿರುವವರನ್ನು ಎಲ್ಲರ ಮುಂದೆಯೇ ಗದರಿಸಬೇಕು.

1988ರಲ್ಲಿ ಅಮೆರಿಕದ ಟಿವಿ ಬೋಧಕ ಜಿಮ್ಮಿ ಸ್ವಾಗರ್ಟ್ ತಮ್ಮ ಪಾಪಕ್ಕಾಗಿ ವೇದಿಕೆಯಲ್ಲೇ ಅತ್ತು ಕ್ಷಮೆ ಕೇಳಿದರು. ಒಂದು ವರ್ಷ ಬೋಧಿಸಬೇಡಿ ಅಂತ ಅವರ ಚರ್ಚ್ ಸಂಘಟನೆಯಾದ ಅಸೆಂಬ್ಲೀಸ್ ಆಫ್ ಗಾಡ್ ಹೇಳಿದಾಗ ಮಾತ್ರ ಒಪ್ಪಲಿಲ್ಲ. ಅವರ ಪಾದ್ರಿ ಪದವಿಯೇ ಹೋಯಿತು. ಕಣ್ಣೀರು ಬೇರೆ, ಶಿಸ್ತಿಗೆ ತಲೆಬಾಗುವುದು ಬೇರೆ ಅಲ್ವಾ?

ನೊಂದವರ ಹೆಸರು, ಫೋಟೋ ಇಲ್ಲಿ ಹಾಕಬೇಡಿ. ‘ಕ್ಷಮಿಸಿಬಿಡಿ’ ಅಂತ ಅವರನ್ನು ಒತ್ತಾಯಿಸಬೇಡಿ. ಅಪರಾಧ ನಡೆದಿದ್ದರೆ ಮೊದಲು ಪೊಲೀಸರಿಗೆ ತಿಳಿಸಿ.