ನಾಲ್ಕೂ ಇಪ್ಪತ್ತರಿಂದ ಏಳೂವರೆವರೆಗೆ

ಪ್ರೀತಿಯ ಬೆಲ್ಲ,

ಹೋದ ವಾರ ನೀನು ಕಳಿಸಿದ ಫೋಟೋಗೆ ಬರೀ ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗಿಬಿಟ್ಟೆ. ನಿನಗೆ ಬೇಜಾರಾಗಿರುತ್ತೆ ಅಂತ ಗೊತ್ತು. ನಿನ್ನ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರ ಗ್ರಂಥಾಲಯ, ಹೊಸ ಬಣ್ಣ ಹೊಡೆದ ಗೋಡೆ, ಚಾಪೆ ಮೇಲೆ ಹದಿನೈದು ಮಕ್ಕಳು, ಅದರಲ್ಲೊಬ್ಬಳು ಪುಸ್ತಕ ತಲೆಕೆಳಗಾಗಿ ಹಿಡ್ಕೊಂಡು ನಗ್ತಾ ಇದ್ದಾಳೆ. ಆ ಫೋಟೋನ ಅವತ್ತು ರಾತ್ರಿ ನಾಲ್ಕು ಸಲ ತೆಗೆದು ನೋಡಿದೀನಿ ಕಣೋ. ಯಾಕೆ ಅಂತ ಫೋನಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ, ನಾಲ್ಕು ಜನ ಓದೋ ಕಡೆ ಬರೀತಿದ್ದೀನಿ. ನಿನಗೊಬ್ಬನಿಗೇ ಬರೆದರೆ ನೀನು "ಆಯ್ತು ಬಿಡೋ ಪೇಪರ್" ಅಂತೀಯ, ನಾನೂ ಬಿಟ್ಟುಬಿಡ್ತೀನಿ. ಈ ಸಲ ಬಿಡೋದು ಬೇಡ ಅನ್ನಿಸಿದೆ.

ನಾನು ಮಂಗಳವಾರ, ಶುಕ್ರವಾರ ಸಂಜೆ ಇಲ್ಲಿ ಬೆಂಗಳೂರಿನ ಲಗ್ಗೆರೆ ಕಡೆ ಮಕ್ಕಳಿಗೆ ಪಾಠ ಹೇಳಿಕೊಡೋಕೆ ಹೋಗೋದು ನಿನಗೆ ಗೊತ್ತು. ಮೊದಲು ಒಂದು ರೂಮಿತ್ತು. ಯಾವುದೋ ಕಂಪನಿ ಸಮಾಜಸೇವೆಗೆ ಅಂತ ಎತ್ತಿಟ್ಟ ಸಿಎಸ್‌ಆರ್ ದುಡ್ಡಲ್ಲಿ ಒಂದು ಸಂಸ್ಥೆಯವರು ಬಾಡಿಗೆಗೆ ಹಿಡಿದಿದ್ದು. ಫ್ಯಾನು, ಬೋರ್ಡು, ಕೇರಂ, ಸಂಜೆಗೆ ಬೇಯಿಸಿದ ಕಡಲೆಕಾಳು. ದಿನಾ ಬರೋ ಒಬ್ಬ ಮೇಡಂ ಇದ್ದರು, ಅವರಿಗೆ ಸಂಬಳ ಇತ್ತು. ಮಾರ್ಚ್‌ಗೆ ಪ್ರಾಜೆಕ್ಟ್ ಮುಗೀತು ಅಂದರು. ಏಪ್ರಿಲ್‌ನಲ್ಲಿ ರೂಮು ಮೊಬೈಲ್ ರಿಪೇರಿ ಅಂಗಡಿ ಆಯ್ತು. ಮೇಡಂ ಬೇರೆ ಕೆಲಸಕ್ಕೆ ಹೋದರು. ಯಾರೂ ತಪ್ಪು ಮಾಡಲಿಲ್ಲ ನೋಡು, ಎಲ್ಲ ಅಗ್ರಿಮೆಂಟ್ ಪ್ರಕಾರಾನೇ ನಡೀತು. ಆದರೆ ಮಕ್ಕಳು ಮಾತ್ರ ಮುಂದಿನ ಸೋಮವಾರವೂ ಬಂದು ಆ ಬಾಗಿಲ ಮುಂದೆ ನಿಂತಿದ್ದರಂತೆ. ಈಗ ಮಾರಮ್ಮನ ಗುಡಿ ಕಟ್ಟೆ ಮೇಲೆ ಕೂತ್ಕೋತೀವಿ. ಮಳೆ ಬಂದರೆ ರಜೆ.

ಆ ಬೀದಿಯ ಲೆಕ್ಕ ಹೇಳ್ತೀನಿ ಕೇಳು. ಸರ್ಕಾರಿ ಶಾಲೆ ನಾಲ್ಕೂ ಇಪ್ಪತ್ತಕ್ಕೆ ಬಿಡುತ್ತೆ. ಗಾರ್ಮೆಂಟ್ಸ್ ಬಿಡೋದು ಐದೂವರೆಗೆ. ಬಸ್ಸು ಹಿಡಿದು, ತರಕಾರಿ ತಗೊಂಡು ಮನೆ ಸೇರೋ ಹೊತ್ತಿಗೆ ಆರೂಮುಕ್ಕಾಲು. ಓಟಿ, ಅಂದರೆ ಹೆಚ್ಚುವರಿ ಕೆಲಸ, ಇದ್ದರೆ ಎಂಟು. ವಠಾರದಲ್ಲಿ ಎಂಟು ಮನೆ ಇದ್ದರೆ ಆರರಲ್ಲಿ ಇದೇ ಕತೆ. ಅಪ್ಪಂದಿರು ಗಾರೆ ಕೆಲಸ, ಆಟೋ, ಇಲ್ಲಾ ಇಲ್ಲವೇ ಇಲ್ಲ. ಅಜ್ಜಿ ಊರಲ್ಲಿ. ಹತ್ತಡಿ ಹತ್ತಡಿ ಶೀಟಿನ ಮನೆ, ಮಧ್ಯಾಹ್ನದ ಬಿಸಿಲು ಕುಡಿದು ಸಂಜೆ ಒಲೆ ಥರಾ ಆಗಿರುತ್ತೆ. ಬೀಗ ತೆಗೆದು ಒಳಗೆ ಹೋಗೋ ಮಗುಗೆ ಎಂಟು ವರ್ಷ.

ಶಾಲೇಲಿ ಬೆಳಿಗ್ಗೆ ಹಾಲು ಕೊಡ್ತಾರೆ, ಮಧ್ಯಾಹ್ನ ಊಟ, ಮೊಟ್ಟೆ. ಅದೆಲ್ಲ ಒಂದೂವರೆಗೇ ಮುಗೀತು. ಅಲ್ಲಿಂದ ಅಮ್ಮ ಬಂದು ಅನ್ನಕ್ಕಿಡೋ ತನಕ, ಅಂದರೆ ಏಳೂವರೆವರೆಗೆ, ಏನಿಲ್ಲ. ಕಟ್ಟೆ ಮೇಲೆ ಕೂತ ಮಕ್ಕಳಿಗೆ ಮಗ್ಗಿ ಕೇಳಿದರೆ ಉತ್ತರ ಬರೋದು ಕಡಲೆಕಾಳು ತಿಂದ ಮೇಲೇ. ಇದನ್ನ ಕಂಡುಕೊಳ್ಳೋಕೆ ನನಗೆ ಮೂರು ತಿಂಗಳು ಬೇಕಾಯ್ತು.

ಈಗ ಹೇಳಬೇಕಾದ್ದಕ್ಕೆ ಬರ್ತೀನಿ.

ಕಳೆದ ತಿಂಗಳು ಶಿಪ್‌ಮೆಂಟ್ ವಾರ. ಮಂಗಳವಾರ ಮಧ್ಯಾಹ್ನ ಒಬ್ಬ ಟೈಲರ್ ಹೆಂಗಸು ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ಕೂರೋ ಟೈಮ್ ಆಫೀಸಿಗೆ ಬಂದರು. "ಸಾರ್, ಇವತ್ತೊಂದಿನ ನನ್ನ ಹೆಸರು ಬಿಟ್‌ಬಿಡಿ ಸಾರ್, ಮಗೀಗೆ ಮೈ ಬಿಸಿ ಐತೆ." ಲೈನಿಂದ ಬಂದ ಓಟಿ ಲಿಸ್ಟು ನನ್ನ ಟೇಬಲ್ ಮೇಲಿತ್ತು. ಸಿಸ್ಟಮ್‌ಗೆ ಹಾಕೋದು ನಾನೇ. "ಸೂಪರ್‌ವೈಜರ್ ಹತ್ರ ಕೇಳಮ್ಮ" ಅಂದೆ. "ಅವರೇ ನಿಮ್ಮ ಹತ್ರ ಕಳಿಸಿದ್ರು ಸಾರ್" ಅಂದರು. ನಾನು ತಲೆ ಎತ್ತದೇನೇ "ಶಿಪ್‌ಮೆಂಟ್ ಐತಲ್ಲಮ್ಮ" ಅಂದೆ. ಅವರು ಒಂದು ಕ್ಷಣ ನಿಂತು ವಾಪಸ್ ಹೋದರು. ಅಷ್ಟೇ. ಜಗಳ ಇಲ್ಲ, ಅಳು ಇಲ್ಲ.

ಐದೂವರೆಗೆ ನಾನು ಪಂಚ್ ಮಾಡಿ ಹೊರಟೆ. ಲಿಸ್ಟಲ್ಲಿ ಇರೋರು ಒಳಗೆ, ಲಿಸ್ಟು ಹಾಕಿದೋನು ಹೊರಗೆ. ಆರೂಕಾಲಿಗೆ ಕಟ್ಟೆ ಮೇಲಿದ್ದೆ. ಒಂದು ಮಗು ಪಾಠಕ್ಕೆ ಕೂರದೆ ಕಂಬಕ್ಕೆ ಒರಗಿ ಮಲಗಿತ್ತು. ಎಬ್ಬಿಸೋಣ ಅಂತ ಹೋದೆ. ಹಣೆ ಸುಡ್ತಿತ್ತು. ಕೊರಳಲ್ಲಿ ಮನೆ ಕೀ. ಕೀ ಹಾಕಿದ್ದು ನೀಲಿ ಪಟ್ಟಿಗೆ. ಐಡಿ ಕಾರ್ಡಿಗೆ ಹಾಕೋ ಪಟ್ಟಿ. ಅಂಚು ಸವೆದು ಬಿಳಿ ನೂಲು ಎದ್ದಿತ್ತು, ಕಾರ್ಡ್ ಸಿಕ್ಕಿಸೋ ಕೊಕ್ಕೆ ಮುರಿದಿದ್ದಕ್ಕೆ ಹೇರ್‌ಪಿನ್ ಹಾಕಿ ಕೀ ಕಟ್ಟಿದ್ದರು. ಪಟ್ಟಿ ಮೇಲೆ ನಮ್ಮ ಫ್ಯಾಕ್ಟರಿ ಹೆಸರು ಅರ್ಧ ಅಳಿಸಿತ್ತು. ನಾನು ಅದನ್ನೇ ಹಾಕಿಕೊಂಡಿದ್ದೆ, ತೆಗೆಯೋಕೆ ಮರೆತಿದ್ದೆ. ಮಗು ಕಣ್ಣು ಬಿಟ್ಟು ನನ್ನ ಕೊರಳು ನೋಡಿ, "ಅಂಕಲ್, ನಮ್ಮಮ್ಮಂದೂ ಇದೇ ದಾರ" ಅಂತು. ಆಮೇಲೆ, "ಇವತ್ತೂ ಓಟಿನಾ?"

ಎಂಟು ವರ್ಷದ ಮಗು ಬಾಯಲ್ಲಿ "ಓಟಿ" ಅನ್ನೋ ಪದ ಎಷ್ಟು ಸಲೀಸಾಗಿ ಬಂತು ಗೊತ್ತಾ. ಹೂಂ ಅಂದೆ. ಇನ್ನೇನು ಹೇಳಲಿ?

ಪಕ್ಕದ ಮೆಡಿಕಲ್ಸಿಂದ ಸಿರಪ್ ತಂದು ಕುಡಿಸಿ, ಅವರಮ್ಮ ಬರೋವರೆಗೆ ಅಲ್ಲೇ ಕೂತೆ. ಎಂಟೂ ಹತ್ತಕ್ಕೆ ಬಂದರು. ಓಡಿಕೊಂಡೇ ಬಂದಿದ್ದರು. ನನ್ನ ನೋಡಿ ಅವರೇ "ಸಾರಿ ಸಾರ್" ಅಂದರು. ನನಗೆ! ಆ ಮಾತು ಇವತ್ತಿಗೂ ನುಂಗೋಕಾಗ್ತಿಲ್ಲ ಬೆಲ್ಲ. ನಾನು ವಾರಕ್ಕೆ ಎರಡು ಸಂಜೆ ಕೊಡ್ತೀನಿ ಅಂತ ಒಳಗೊಳಗೇ ಬೀಗ್ತಾ ಇದ್ದೆ. ಆದರೆ ವಾರಕ್ಕೆ ಮೂರು ಸಂಜೆ ಅವರಮ್ಮನ್ನ ಆ ಮಗುವಿನಿಂದ ಕಿತ್ತುಕೊಳ್ಳೋ ಕೈಯೂ ನಂದೇ.

ಅವತ್ತಿಂದ ಇದೇ ತಲೇಲಿ ಕೊರೀತಾ ಇದೆ. ಕಾನೂನೆಲ್ಲ ತೆಗೆದು ಓದಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು: 30ಕ್ಕಿಂತ ಹೆಚ್ಚು ಹೆಂಗಸರಿರೋ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನೆ ಕೋಣೆ ಇರಬೇಕು ಅಂತ. ಆರು ತುಂಬಿದ ಮೇಲೆ ಮಗು ಶಿಕ್ಷಣ ಹಕ್ಕು ಕಾಯ್ದೆಗೆ ಸೇರುತ್ತೆ. ಅದರಲ್ಲಿ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಅಂತಿದೆ. ವರ್ಷಕ್ಕೆ 8,760 ಗಂಟೆ. ಹತ್ತನೇ ಒಂದು ಭಾಗಾನೂ ಆಗಲಿಲ್ಲ. ಮಿಕ್ಕಿದ್ದಕ್ಕೆ ಮನೆ ಇದೆ ಅಂತ ಕಾನೂನು ಅಂದುಕೊಂಡಿದೆ. ಮನೆಗೆ ಬೀಗ ಹಾಕಿದೆಯಲ್ಲಪ್ಪ!

ನಿಮ್ಮ ಕಡೆ ನೋಡು. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ನಿಮ್ಮ ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್ ಇಲಾಖೆ ಕೈಗೆ ಬಂದವು. 2020ರಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, "ಓದುವ ಬೆಳಕು" ಅಂತ ಶುರು ಮಾಡಿ ಆರರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಐಎಎಸ್ ಅಧಿಕಾರಿ ಉಮಾ ಮಹದೇವನ್ ಅವರು ಅದರ ಹಿಂದೆ ಬಿದ್ದು ಮಾಡಿಸಿದ್ದು ನೀನೇ ಹೇಳ್ತಿದ್ದೆ. ನಾವು ಹುಡುಗರಾಗಿದ್ದಾಗ ನಮ್ಮೂರ ಗ್ರಂಥಾಲಯ ಅಂದರೆ ಎರಡು ಪೇಪರು, ಒಂದು ಬೀಗ ಹಾಕಿದ ಬೀರು, ಅಷ್ಟೇ. ಇವತ್ತು ಅಲ್ಲಿ ಮಕ್ಕಳು ಚಾಪೆ ಹಾಸ್ಕೊಂಡು ಕೂತಿದಾರೆ. ಸರ್ಕಾರ ಮನಸ್ಸು ಮಾಡಿ ದುಡ್ಡಿಟ್ಟಿದ್ದಕ್ಕೆ ಆಯ್ತು, ಬೇರೇನೂ ಮಂತ್ರ ಇಲ್ಲ. ಆದರೆ ಅದೇ ಊರು ಬಿಟ್ಟು ಇಲ್ಲಿಗೆ ಹೊಲಿಯೋಕೆ ಬಂದ ಹೆಂಗಸಿನ ಮಗುಗೆ ಆ ಚಾಪೆ ಇಲ್ಲ.

ದುಡ್ಡಿಲ್ಲ ಅಂತಾರಾ? ಬೆಂಗಳೂರಿನ ಯಾವುದೇ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡು. ತೆರಿಗೆ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಸೆಸ್. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ವಠಾರದ ಓನರ್ ಕಟ್ಟೋ ತೆರಿಗೆ ಎಲ್ಲಿಂದ ಬರುತ್ತೆ? ಆ ಶೀಟಿನ ಮನೆ ಬಾಡಿಗೆಯಿಂದ. ಅಂದರೆ ಆ ಟೈಲರಮ್ಮ ಮಗೀಗೆ ಜ್ವರ ಇದ್ದಾಗ ಓಟಿ ಮಾಡಿ ದುಡಿದ ದುಡ್ಡಲ್ಲೂ ಒಂದು ಚೂರು ಗ್ರಂಥಾಲಯಕ್ಕೆ ಹೋಗಿದೆ. ವಸೂಲಿಯಾದ ಸೆಸ್ ಪೂರ್ತಿ ಗ್ರಂಥಾಲಯಕ್ಕೆ ತಲುಪ್ತಿಲ್ಲ ಅನ್ನೋ ದೂರು ವರ್ಷಗಳಿಂದ ಪೇಪರಲ್ಲಿ ಬರ್ತಾನೇ ಇದೆ. ಈಗ ನಗರಕ್ಕೆ ಐದು ಪಾಲಿಕೆ ಆಗಿವೆ. ಐದರಲ್ಲಿ ಒಂದಾದರೂ ಈ ಆರು ಪೈಸೆಯಿಂದ ಇಂಥ ಮಕ್ಕಳು ಸಂಜೆ ಕೂತು ಓದೋಕೆ ಒಂದು ಕೋಣೆ ತೆಗೀಬಾರದಾ ಅಂತ ನನ್ನ ಆಸೆ.

ಕೂತು ಲೆಕ್ಕ ಹಾಕಿದೀನಿ. ನಮ್ಮ ಹಳೇ ರೂಮಿನ ಬಾಡಿಗೆ 9,000. ಅದೇ ಬೀದಿಯ ಓದಿದ ಒಬ್ಬ ಹೆಂಗಸಿಗೆ ಗೌರವಧನ 12,000. 25 ಮಕ್ಕಳಿಗೆ ದಿನಕ್ಕೆ ತಲಾ 8 ರೂಪಾಯಿಯ ಕಾಳು, ಬಾಳೆಹಣ್ಣು, 22 ದಿನಕ್ಕೆ 4,400. ತಿಂಗಳಿಗೆ ಒಟ್ಟು 25,400. ಒಂದು ಮಗುಗೆ ಒಂದು ಸಂಜೆಗೆ 46 ರೂಪಾಯಿ. ಶಾಲೆ ಕೋಣೇಲೇ ನಡೆಸಿದರೆ ಬಾಡಿಗೇನೂ ಇಲ್ಲ. ನಾಲ್ಕೂವರೆಗೆ ಬೀಗ ಬೀಳೋ ಆ ಶಾಲೆ ನಮ್ಮ ಕಟ್ಟೆಯಿಂದ ಕೂಗಳತೆ ದೂರದಲ್ಲಿದೆ.

ನೀನು ಕೇಳೋ ಪ್ರಶ್ನೆ ನನಗೆ ಗೊತ್ತು: "ಇರೋ ಶಾಲೆಗೇ ಮೇಷ್ಟ್ರಿಲ್ಲ, ಇದಕ್ಕೆಲ್ಲಿಂದ ತರ್ತೀಯ?" ಮೇಷ್ಟ್ರನ್ನ ಕೇಳ್ತಿಲ್ಲ ಕಣೋ. ತಮಿಳುನಾಡು 2021ರಲ್ಲಿ "ಇಲ್ಲಂ ತೇಡಿ ಕಲ್ವಿ", ಅಂದರೆ ಮನೆ ಬಾಗಿಲಿಗೇ ಶಿಕ್ಷಣ, ಅಂತ ಶುರು ಮಾಡ್ತು. ಸಂಜೆ ಒಂದು, ಒಂದೂವರೆ ಗಂಟೆ ಹೊತ್ತು, ಅದೇ ಊರಿನ, ಅದೇ ಬೀದಿಯ ಜನ, ಬಹುತೇಕ ಹೆಣ್ಣುಮಕ್ಕಳೇ, ಪಾಠ ಹೇಳಿದ್ದು, ದುಡ್ಡು ಸರ್ಕಾರದ್ದು. ಅರ್ಥಶಾಸ್ತ್ರಜ್ಞರು ಅಲ್ಲಿನ ಹಳ್ಳಿಗಳ ಸುಮಾರು 19,000 ಮಕ್ಕಳ ಕಲಿಕೆ ಅಳೆದು ನೋಡಿದರು. ಕೊರೊನಾದಲ್ಲಿ ಕಳಕೊಂಡಿದ್ದರಲ್ಲಿ ಮೂರನೇ ಎರಡು ಭಾಗ ಶಾಲೆ ತೆರೆದ ಆರು ತಿಂಗಳಲ್ಲೇ ವಾಪಸ್ ಬಂದಿತ್ತು. ಹಾಗೆ ಬಂದಿದ್ದರಲ್ಲಿ ಸುಮಾರು ಕಾಲುಪಾಲು ಈ ಸಂಜೆ ತರಗತಿಯಿಂದ. ಸ್ವಯಂಸೇವಕಿಗೆ ತಿಂಗಳಿಗೆ 1,000 ರೂಪಾಯಿ ಕೊಟ್ಟರು, ಅದು ತೀರಾ ಕಮ್ಮಿ, ನಾವು ಹಾಗೆ ಮಾಡಬಾರದು. ಅವರ ಸಂಜೆಗೂ ಬೆಲೆ ಇದೆ.

ಬಿಸಿಯೂಟಕ್ಕೂ ಜನ ಹೀಗೇ ಅಂದಿದ್ದರು, ನೆನಪಿದೆಯಾ? 2002ರಲ್ಲಿ ನಮ್ಮ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾದಾಗ "ಶಾಲೇಲಿ ಅಡುಗೆ ಮಾಡ್ಕೊಂಡು ಕೂತ್ಕೋಬೇಕಾ" ಅಂತ. ಇವತ್ತು ಅದಿಲ್ಲದ ಶಾಲೆ ಊಹಿಸ್ಕೊಳ್ಳೋಕಾಗುತ್ತಾ? ಯಾರಾದರೂ ಪ್ರಾಜೆಕ್ಟ್ ಮುಗೀತು, ನಾಳೆಯಿಂದ ಊಟ ಇಲ್ಲ ಅಂದರೆ ಸುಮ್ಮನಿರ್ತೀವಾ? ಸಂಜೆಯೂ ಆ ಥರಾ ಆಗಬೇಕು. ಬಜೆಟ್ಟಲ್ಲಿ ಅದಕ್ಕೊಂದು ಸಾಲು ಇರಬೇಕು. ದಾನಿಗಳ ಮಾರ್ಚ್ ತಿಂಗಳಿಗೆ ಅದನ್ನ ಕಟ್ಟಿಹಾಕಬಾರದು.

ಇಷ್ಟು ಬರೆಯೋಣ ಅಂತಲೇ ಕೂತಿದ್ದು. ಇನ್ನೊಂದು ಬರೆದುಬಿಡ್ತೀನಿ, ಎಷ್ಟು ವರ್ಷ ಆದರೂ ನಿನಗೆ ಹೇಳಿಲ್ಲ.

ಮೂರನೇ ಕ್ಲಾಸಿಂದ ಏಳನೇ ಕ್ಲಾಸಿನವರೆಗೆ ನಮ್ಮವ್ವ ಆಲೆಮನೆಗೆ ಹೋಗ್ತಿದ್ದಳಲ್ಲ, ದೀಪ ಹಚ್ಚೋ ಹೊತ್ತು ದಾಟಿದ ಮೇಲೆ ಬರ್ತಿದ್ದಳು. ನಾನು ಶಾಲೆ ಬಿಟ್ಟ ತಕ್ಷಣ ನಿಮ್ಮ ಮನೆಗೆ ಬರ್ತಿದ್ದೆ. ಲೆಕ್ಕ ಮಾಡೋಕೆ ಅಂತ ನೀನು ಅಂದ್ಕೊಂಡಿದ್ದೆ. ಲೆಕ್ಕ ನನಗೆ ನಿನಗಿಂತ ಚೆನ್ನಾಗೇ ಬರ್ತಿತ್ತು ಕಣೋ. ನಾನು ಬರ್ತಿದ್ದದ್ದು ನಿಮ್ಮವ್ವ ಕೊಡೋ ರೊಟ್ಟಿಗೆ, ಆ ಹುಚ್ಚೆಳ್ಳು ಚಟ್ನಿಗೆ. ಮತ್ತೆ, ಕತ್ತಲಾಗೋವಾಗ ಒಬ್ಬನೇ ಮನೇಲಿರೋಕೆ ನನಗೆ ಭಯ ಆಗ್ತಿತ್ತು. ನಿಮ್ಮವ್ವಂಗೆ ಅದು ಗೊತ್ತಿತ್ತು. ಒಂದಿನ ನಾನು ಬರೋದು ತಡ ಆದಾಗ ಬಾಗಿಲಿಗೆ ಬಂದು ನಿಂತಿದ್ದರು. "ಎಲ್ಲೋಗಿದ್ಯೋ, ರೊಟ್ಟಿ ಆರೋಯ್ತು" ಅಂತ ಬೈದರು. ನನಗೋಸ್ಕರ ಯಾರೋ ಹೊತ್ತು ನೋಡ್ತಾ ನಿಂತಿದ್ದಾರೆ ಅಂತ ಎಷ್ಟು ಖುಷಿ ಆಗಿತ್ತು ಅಂದರೆ, ಮಾರನೇ ದಿನ ಬೇಕಂತಲೇ ತಡ ಮಾಡಿ ಬಂದೆ.

ನಾನು ಇವತ್ತು ಏನಾಗಿದೀನೋ ಅದು ಆ ಜಗಲಿಯಿಂದ. ಆ ಮಗುಗೆ ಅಂಥ ಜಗಲಿ ಇಲ್ಲ, ಯಾಕಂದರೆ ಆ ಬೀದಿಯ ನಿಮ್ಮವ್ವಂದಿರೆಲ್ಲ ನನ್ನ ಲಿಸ್ಟಲ್ಲಿದ್ದಾರೆ.

ಸಾಕು. ಕಣ್ಣು ಮಂಜಾಗ್ತಿದೆ, ಇವಳು ಬೇರೆ ಏನು ಬರೀತಿದ್ದೀರಿ ಅಂತ ಎರಡು ಸಲ ಇಣುಕಿ ಹೋದಳು. ಮಗು ಹುಷಾರಾಗಿದೆ, ಮೊನ್ನೆ ಶುಕ್ರವಾರ ಹದಿಮೂರರ ಮಗ್ಗಿ ಒಂದೇ ಉಸಿರಿಗೆ ಹೇಳ್ತು. ಹದಿಮೂರು ಆರಲ ಅಂದರೆ ನಿನಗೆ ಇವತ್ತಿಗೂ ಬರಲ್ಲ.

ಒಂದು ಕೆಲಸ ಮಾಡು. ನಿಮ್ಮ ಅರಿವು ಕೇಂದ್ರದ ಮೇಲ್ವಿಚಾರಕರು ಸಂಜೆ ಹೊತ್ತು ಏನೇನು ಮಾಡಿಸ್ತಾರೆ, ಎಷ್ಟಕ್ಕೆ ತೆಗೀತಾರೆ, ಖರ್ಚು ಯಾವ ಲೆಕ್ಕದಿಂದ ಬರುತ್ತೆ, ಎಲ್ಲ ಬರೆಸಿ ಕಳಿಸು. ನಮ್ಮ ಬೀದಿ ತಾಯಂದಿರು ಅರ್ಜಿ ಕೊಡೋಣ ಅಂತ ಕೂತಿದಾರೆ. ಭಾನುವಾರ ಗುಡಿ ಕಟ್ಟೆ ಮೇಲೆ ಸೇರ್ತೀವಿ, ಅವತ್ತು ಮಾತ್ರ ಎಲ್ಲರಿಗೂ ರಜೆ. ಇಲ್ಲಿ ಓದ್ತಿರೋರಲ್ಲಿ ಯಾರಾದರೂ ಪಾಲಿಕೆಯಲ್ಲೋ ಶಿಕ್ಷಣ ಇಲಾಖೆಯಲ್ಲೋ ಇದ್ದರೆ, ದಯವಿಟ್ಟು ಒಂದು ಸಂಜೆ ಬನ್ನಿ. ಐದು ಗಂಟೆಗೆ ಬನ್ನಿ.

ಅವ್ವಂಗೆ ಹೇಳು, ಹಬ್ಬಕ್ಕೆ ಬರ್ತೀನಿ, ಬೇಕಂತಲೇ ತಡ ಮಾಡಿ ಬರ್ತೀನಿ. ರೊಟ್ಟಿ ಆರಿದರೂ ಪರವಾಗಿಲ್ಲ, ಚಟ್ನಿ ಮಾತ್ರ ನೀನು ಮುಗಿಸಬೇಡ.

ನಿನ್ನ,
ಪೇಪರ್