ಆರಿಂಚಿನ ಪಟ್ಟಿಯ ಟೈಲ್ಸ್ ಬದಲಾಗಿದೆ: ನಮ್ಮ ಗಿರಾಕಿಗಳಿಗೆ ಒಂದು ಪತ್ರ

ಎಲ್ಲ ಗಿರಾಕಿಗಳಿಗೆ ಕಲಬುರಗಿಯಿಂದ ಶರಣು.

ಯುಗಾದಿ ದಾಟಿದ ಮೇಲೆ ನಾವು ಒಪ್ಪಿಕೊಳ್ಳುವ ಸ್ವಿಮ್ಮಿಂಗ್ ಪೂಲ್ ಕೆಲಸಗಳಲ್ಲಿ ಒಂದು ಬದಲಾವಣೆ ಇರುತ್ತದೆ. ನೀರು ಬಂದು ನಿಲ್ಲುವ ಅಂಚಿನ ಸುತ್ತ, ಅಂದರೆ ಕಟ್ಟೆಗೆ ಹತ್ತಿಕೊಂಡ ಆರಿಂಚಿನ ಪಟ್ಟಿಗೆ, ಅಡುಗೆಮನೆ ಗೋಡೆಯ ಟೈಲ್ಸನ್ನಾಗಲಿ ಶಹಾಬಾದ್ ಪರಸಿ ಕಲ್ಲನ್ನಾಗಲಿ ಇನ್ನು ಮುಂದೆ ಕೂರಿಸುವುದಿಲ್ಲ. ಸಂದಿಗೆ ಬಿಳಿ ಸಿಮೆಂಟು ತುಂಬುವುದನ್ನೂ ಬಿಟ್ಟಿದ್ದೇವೆ. ಆ ಪಟ್ಟಿಗೆ ಪೋರ್ಸಲೇನ್ (ನೀರು ಅಷ್ಟಾಗಿ ಕುಡಿಯದ ಗಟ್ಟಿ ಟೈಲ್ಸ್) ಇಲ್ಲವೇ ಗಾಜಿನ ಚಿಕ್ಕ ಬಿಲ್ಲೆಗಳ ಮೊಸಾಯಿಕ್, ಸಂದಿಗೆ ಎಪಾಕ್ಸಿ, ಅಂದರೆ ಕಲಸಿ ತುಂಬಿದರೆ ಗಟ್ಟಿಯಾಗುವ ರಾಳ. ಹಳೆಯ ರೀತಿಯಲ್ಲೇ ಬೇಕು ಎನ್ನುವವರ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಡುತ್ತೇವೆ, ಮನಸ್ತಾಪವೇನಿಲ್ಲ. ತಳಕ್ಕೆ, ಉಳಿದ ಗೋಡೆಗೆ ಏನು ಹಾಕಬೇಕೆಂಬುದನ್ನು ಮೊದಲಿನಂತೆ ಕೂತು ಮಾತಾಡಿ ನಿರ್ಧರಿಸೋಣ.

ಇದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಜೇವರ್ಗಿ ರಸ್ತೆಯ ಕಡೆ ಒಂದು ತೋಟದ ಮನೆಗೆ ಪೂಲ್ ಮಾಡಿಕೊಟ್ಟಿದ್ದೆವು. ಯಜಮಾನರು ಖರ್ಚು ಕಡಿಮೆ ಮಾಡಿ ಅಂದರು, ನಾವು ಹೂಂ ಅಂದು ಅಂಚಿಗೆ ಗೋಡೆ ಟೈಲ್ಸನ್ನೇ ಹಾಕಿದೆವು. ಎರಡನೇ ಬೇಸಿಗೆಗೆ ಅವರ ಫೋನು ಬಂತು: "ಈ ಸಲ ಹುಡುಗರು ಈಜಿದ್ದು ಕಡಿಮಿ, ನಿಮ್ಮ ಟೈಲ್ಸ್ ಮುಳುಗಿದ್ದೇ ಜಾಸ್ತಿ ಆಗ್ಯಾವ, ಬಂದು ನೋಡ್ರಿ." ಹೋಗಿ ನೋಡಿದರೆ ಹನ್ನೊಂದು ಟೈಲ್ಸ್ ತಳದಲ್ಲಿ ಕೂತಿದ್ದವು. ಗೋಡೆಯಲ್ಲಿ ಉಳಿದಿದ್ದವುಗಳ ಮೇಲಿನ ಹೊಳಪು ಅಲ್ಲಲ್ಲಿ ಉಬ್ಬಿತ್ತು. ನಮ್ಮ ಗೌಂಡಿ ಉಗುರಿನಿಂದ ಒಂದನ್ನು ಕೆರೆದ. ಹೊಳಪಿನ ಪದರ ಚೂರಾಗಿ ಕೈಗೆ ಬಂತು, ಅದರ ಹಿಂದೆ ಹಿಟ್ಟಿನಂಥ ಬಿಳಿ ಉಪ್ಪು. "ಅಣ್ಣಾರ, ಇದು ಟೈಲ್ಸ್ ಅಲ್ಲ, ಹಪ್ಪಳ ಅದ ನೋಡ್ರಿ" ಅಂದ. ಆ ಪಟ್ಟಿಯನ್ನು ನಮ್ಮ ಖರ್ಚಿನಲ್ಲೇ ಕಿತ್ತು ಹೊಸದಾಗಿ ಹಾಕಿಕೊಟ್ಟೆವು. ಆಗ ಕಲಿತದ್ದನ್ನೇ ಈ ಪತ್ರದಲ್ಲಿ ಬರೆಯುತ್ತಿದ್ದೇವೆ.

ಗೋಡೆ ಟೈಲ್ಸ್ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಬಾಳುತ್ತದೆ. ಅದರ ಹೊಟ್ಟೆ ಮಾತ್ರ ಮೆತ್ತಗೆ, ತನ್ನ ತೂಕದ ಶೇ. 10ಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಪೋರ್ಸಲೇನ್ ಕುಡಿಯುವುದು ಹೆಚ್ಚೆಂದರೆ ಶೇ. 0.5. ಪೂರ್ತಿ ನೀರಿನೊಳಗಿರುವ ಟೈಲ್ಸಿಗೆ ಇದರಿಂದ ಅಷ್ಟು ತೊಂದರೆಯಿಲ್ಲ, ಪೂರ್ತಿ ಹೊರಗಿರುವುದಕ್ಕೂ ಇಲ್ಲ. ಸಂಕಟವೆಲ್ಲ ಅಂಚಿನಲ್ಲಿರುವುದಕ್ಕೆ. ಕೆಳಗಿನ ಅರ್ಧ ತಣ್ಣಗೆ ಒದ್ದೆ, ಮೇಲಿನ ಅರ್ಧದ ಮೇಲೆ 42 ಡಿಗ್ರಿಯ ನಮ್ಮ ಬಿಸಿಲು. ಕೆಳಗೆ ಹೀರಿದ ನೀರು ಮೇಲಕ್ಕೇರಿ ಆರುತ್ತದೆ, ಅದರಲ್ಲಿದ್ದ ಉಪ್ಪು ಹೊಳಪಿನ ಹಿಂದೆಯೇ ಹರಳುಗಟ್ಟಿ ಉಬ್ಬಿ, ಹೊಳಪನ್ನು ಒಳಗಿನಿಂದ ದೂಡುತ್ತದೆ. ಹಪ್ಪಳ ಆಗುವುದು ಹೀಗೆ.

ಟೈಲ್ಸ್ ಕೊಳ್ಳಲು ನೀವೇ ಹೋಗುವುದಾದರೆ ಪೆಟ್ಟಿಗೆಯ ಮೇಲಿನ ಹೆಸರು ನಂಬಬೇಡಿ. ಟೈಲ್ಸ್ ತಿರುವಿ, ಬೆನ್ನಿನ ಮೇಲೆ ಒಂದು ಹನಿ ನೀರು ಬಿಡಿ. ಗೋಡೆ ಟೈಲ್ಸ್ ನೋಡನೋಡುತ್ತಲೇ ಹೀರಿಕೊಂಡು ಕಪ್ಪಾಗುತ್ತದೆ, ಪೋರ್ಸಲೇನ್ ಮೇಲೆ ಹನಿ ಹಾಗೇ ಕೂತಿರುತ್ತದೆ. ಇನ್ನೂ ಅನುಮಾನವಿದ್ದರೆ ಒಣಗಿದ ಟೈಲ್ಸನ್ನು ತೂಗಿ, ರಾತ್ರಿಯೆಲ್ಲ ನೆನೆಹಾಕಿ, ಬಟ್ಟೆಯಿಂದ ಒರೆಸಿ ಮತ್ತೆ ತೂಗಿ. ಒಂದು ಕಿಲೋ ಟೈಲ್ಸ್ ಐದು ಗ್ರಾಮಿಗಿಂತ ಹೆಚ್ಚು ಏರಿದರೆ ವಾಪಸ್ ಕೊಡಿ. ಪ್ರಯೋಗಾಲಯದಲ್ಲಿ ಮಾಡುವ ಪರೀಕ್ಷೆ ಇದಕ್ಕಿಂತ ಬಿಗಿ, ಮನೆಯ ಮಟ್ಟಿಗೆ ಇಷ್ಟು ಸಾಕು. ಕೆಲವು ಪೆಟ್ಟಿಗೆಗಳ ಮೇಲೆ ಹಿಮ ತಡೆಯುತ್ತದೆ ಎಂದು ಬರೆದಿರುತ್ತದೆ. ಕಲಬುರಗಿಯಲ್ಲಿ ಹಿಮ ಎಲ್ಲಿ ಎಂದು ನಾವೂ ನಕ್ಕಿದ್ದೇವೆ. ಆದರೆ ನೀರು ಕುಡಿಯದ ಟೈಲ್ಸ್ ಮಾತ್ರ ಹಿಮ ತಡೆಯುತ್ತದೆ, ಹಾಗಾಗಿ ಆ ಗುರುತು ನಮಗೂ ಉಪಯೋಗಕ್ಕೆ ಬರುತ್ತದೆ.

ಇನ್ನು ನಮ್ಮ ನೀರಿನ ಮಾತು. ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ಹೇಳಬೇಕು. 30 ಅಡಿ ಉದ್ದ, 15 ಅಡಿ ಅಗಲದ ಪೂಲಿನಲ್ಲಿ ಮೇ ತಿಂಗಳಲ್ಲಿ ದಿನಕ್ಕೆ ಒಂದು ಸೆಂಟಿಮೀಟರ್ ನೀರು ಆವಿಯಾಯಿತು ಎಂದಿಟ್ಟುಕೊಳ್ಳಿ. ಅದು 400 ಲೀಟರಿಗೂ ಹೆಚ್ಚು. ನೀವು ಮತ್ತೆ ಬೋರಿನ ನೀರು ಬಿಡುತ್ತೀರಿ. ಆ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದ್ದರೆ, ದಿನಕ್ಕೆ 200 ಗ್ರಾಂ ಸುಣ್ಣದಂಶ ಪೂಲಿಗೆ ಬಿತ್ತು. ನೀರು ಹಾರಿಹೋಗುತ್ತದೆ, ಸುಣ್ಣ ಹಾರುವುದಿಲ್ಲ. ಮೂರು ತಿಂಗಳಿಗೆ 18 ಕಿಲೋ. ಅಷ್ಟೂ ಟೈಲ್ಸಿಗೇ ಮೆತ್ತಿಕೊಳ್ಳುತ್ತದೆ ಎಂದಲ್ಲ, ಆದರೆ ಮೆತ್ತುವಾಗ ಮೊದಲು ಹಿಡಿಯುವ ಜಾಗ ಆ ಅಂಚೇ. ಕುಡಿಯುವ ನೀರಿಗೇ ಭಾರತೀಯ ಮಾನಕ ಬೇರೆ ದಾರಿಯಿಲ್ಲದಾಗ 600ರವರೆಗೆ ಒಪ್ಪುತ್ತದೆ, ಆದ್ದರಿಂದ 500 ಎಂಬುದು ಗಾಬರಿಯ ಅಂಕಿಯಲ್ಲ. ಟ್ಯಾಂಕರ್ ತರಿಸಿದರೆ ತಪ್ಪಿಸಿಕೊಳ್ಳಬಹುದು ಅನ್ನುವವರು ಆ ಟ್ಯಾಂಕರ್ ಎಲ್ಲಿ ತುಂಬಿಸಿಕೊಂಡು ಬಂತು ಎಂದು ಡ್ರೈವರನನ್ನು ಒಮ್ಮೆ ಕೇಳಿ ನೋಡಿ.

ಇದರ ಮೇಲೆ ಬ್ಲೀಚಿಂಗ್ ಪೌಡರ್. ಅದರಲ್ಲೂ ಸುಣ್ಣ ಇದೆ. ನೀರು ಮೊದಲೇ ಗಡಸಾಗಿರುವ ಕಡೆ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ವಾಸಿ, ಅದು ಕ್ಯಾಲ್ಸಿಯಂ ಸೇರಿಸುವುದಿಲ್ಲ. ಪೌಡರೇ ಬೇಕೆಂದರೆ ಬಕೆಟ್ಟಿನಲ್ಲಿ ಕದಡಿ, ಗಸಿ ಕೂತ ಮೇಲೆ ತಿಳಿ ಮಾತ್ರ ಬಿಡಿ.

ಪರಸಿ ಬೇಡ ಅಂದದ್ದಕ್ಕೆ ಹಲವರಿಗೆ ಸಿಟ್ಟು ಬಂದಿದೆ. ನಮ್ಮ ಮನೆಗಳ ನೆಲವೆಲ್ಲ ಅದೇ, ನಮ್ಮೂರಿನ ಕಲ್ಲನ್ನು ನಾವೇ ಬಿಟ್ಟರೆ ಹೇಗೆ ಎನ್ನುತ್ತಾರೆ. ಕಲ್ಲಿನ ಮೇಲೆ ನಮಗೂ ಪ್ರೀತಿಯಿದೆ. ಆದರೆ ಶಹಾಬಾದ್ ಕಲ್ಲು ಸುಣ್ಣಕಲ್ಲು. ವಾಡಿ, ಸೇಡಂ, ಮಳಖೇಡದಲ್ಲಿ ಸುಟ್ಟು ಸಿಮೆಂಟು ಮಾಡುವುದು ಇದೇ ಜಾತಿಯ ಕಲ್ಲನ್ನು. ಪಾಲಿಶ್ ಮಾಡಿದ ಪರಸಿಯ ಅಡುಗೆ ಕಟ್ಟೆ ಇದ್ದವರಿಗೆ ಗೊತ್ತು, ಲಿಂಬೆಹಣ್ಣಿನ ಹೋಳು ರಾತ್ರಿ ಅಲ್ಲೇ ಉಳಿದರೆ ಬೆಳಿಗ್ಗೆ ಕಲ್ಲಿನ ಮೇಲೆ ಅದರ ಅಚ್ಚು ಇರುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಪೂಲಿನ ನೀರನ್ನು ಹದಕ್ಕೆ ತರಲು ಆಗಾಗ ಆಸಿಡ್ ಬಿಡಲೇಬೇಕು, ಅಂಚಿನ ಕಲೆ ತೆಗೆಯಲೂ ಜನ ಅದನ್ನೇ ಸುರಿಯುತ್ತಾರೆ. ಸುಣ್ಣದ ಕಲೆಯನ್ನು ಕರಗಿಸುವ ಆಸಿಡ್ ಸುಣ್ಣದ ಕಲ್ಲನ್ನು ಬಿಟ್ಟೀತೇ? ಹೊರಗಿನ ನಡೆದಾರಿಗೆ ಒರಟು ಪರಸಿಯನ್ನು ಖುಷಿಯಿಂದ ಹಾಕಿಕೊಡುತ್ತೇವೆ. ಮಧ್ಯಾಹ್ನ ಬರಿಗಾಲಲ್ಲಿ ನಡೆಯಲು ಹೋಗಬೇಡಿ, ಅಷ್ಟೇ.

ಬೀದರಿನ ಗಿರಾಕಿಯೊಬ್ಬರು ಇನ್ನೊಂದು ಪಾಟಿಸವಾಲು ಹಾಕಿದರು: "ಮಹಮೂದ್ ಗವಾನ್ ಮದರಸಾದ ಟೈಲ್ಸ್ ಐನೂರು ವರ್ಷ ಆದ್ರೂ ಹೊಳಿಲತಾವ. ನಿಮ್ಮವು ಎರಡು ಬ್ಯಾಸಗಿ ತಡಿಯಲ್ಲಂದ್ರ ಹೆಂಗ್ರಿ?" ನಿಜ, ಮದರಸಾ ಕಟ್ಟಿದ್ದು 1472ರಲ್ಲಿ, ಅದರ ಮಿನಾರಿನ ನೀಲಿ ಹಳದಿ ಬಣ್ಣ ಇವತ್ತಿಗೂ ಕಣ್ಣು ಸೆಳೆಯುತ್ತದೆ. ಆದರೆ ಆ ಟೈಲ್ಸಿನ ಮೇಲೆ ಮಳೆ ಬೀಳುತ್ತದೆ, ಹರಿದುಹೋಗುತ್ತದೆ, ಗೋಡೆ ಒಣಗುತ್ತದೆ. ಸೊಂಟದವರೆಗೆ ಬ್ಲೀಚಿಂಗ್ ನೀರಿನಲ್ಲಿ ನಿಲ್ಲಿಸಿದವರು ಯಾರೂ ಇಲ್ಲ. ಅಷ್ಟಿದ್ದೂ ಮುಂಭಾಗದಲ್ಲಿ ಬಹಳಷ್ಟು ಉದುರಿರುವುದು ಎದುರು ನಿಂತರೆ ಕಾಣುತ್ತದೆ. ಅವರು ನಕ್ಕು, ಹಾಗಾದರೆ ಬಣ್ಣವಾದರೂ ಅಂಥದ್ದೇ ಇರಲಿ ಅಂದರು. ಅದಕ್ಕೆ ನಮ್ಮ ತಕರಾರಿಲ್ಲ.

ಬಣ್ಣದ ಬಗ್ಗೆ ಮಾತ್ರ ಒಂದು ಸಲಹೆ. ಫೋನಿನಲ್ಲಿ ಫೋಟೋ ತೋರಿಸಿ ಎಲ್ಲರೂ ಕಡುನೀಲಿ ಕೇಳುತ್ತಾರೆ. ಕಡುನೀಲಿಯ ಮೇಲೆ ಸುಣ್ಣದ ಗೆರೆ ಹಲಗೆಯ ಮೇಲೆ ಸೀಮೆಸುಣ್ಣ ಎಳೆದಂತೆ ಎದ್ದು ಕಾಣುತ್ತದೆ. ಪೂರ್ತಿ ಬಿಳಿ ಹಾಕಿದರೆ ತಲೆಯ ಕೊಬ್ಬರಿ ಎಣ್ಣೆಯೂ ಎರೆಮಣ್ಣಿನ ದೂಳೂ ಸೇರಿ ಜಿಡ್ಡಿನ ಕಪ್ಪು ಗೆರೆ. ಎರಡು ಮೂರು ಛಾಯೆ ಬೆರೆತ ನಡುಬಣ್ಣ ಎರಡನ್ನೂ ಮುಚ್ಚುತ್ತದೆ. ಮೇಲ್ಮೈ ನುಣುಪಾಗಿರಲಿ, ತರಿತರಿಯಾದ ಟೈಲ್ಸ್ ಕಟ್ಟೆಯ ಮೇಲೆ ಸರಿ, ಅಂಚಿನಲ್ಲಿ ಅದನ್ನು ತಿಕ್ಕಿ ತಿಕ್ಕಿ ಕೈ ಸೋಲುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಆರಿಸಲು ಹೋಗಬೇಡಿ. ಅಂಗಡಿ ಮುಂದೆ ಬಿಸಿಲಿಗೆ ಒಂದು ಬಿಳಿ ಬಕೆಟ್ಟಿನಲ್ಲಿ ನೀರು ತುಂಬಿ ಇಟ್ಟಿದ್ದೇವೆ. ಮೆಚ್ಚಿದ ಟೈಲ್ಸನ್ನು ಅರ್ಧ ಮುಳುಗಿಸಿ ಹಿಡಿದು ನೋಡಿ, ಒದ್ದೆ ಭಾಗದ ಬಣ್ಣ ಬೇರೆ, ಒಣ ಭಾಗದ್ದೇ ಬೇರೆ.

ಗಾಜಿನ ಮೊಸಾಯಿಕ್ ಬಾಗಿದ ಪೂಲುಗಳಿಗೆ ಸೈ, ಚಿಕ್ಕ ಬಿಲ್ಲೆಗಳು ಗೋಡೆಯ ಬಾಗಿಗೆ ಒಗ್ಗುತ್ತವೆ. ಬೆನ್ನಿಗೆ ಬಲೆ ಅಂಟಿಸಿದ ಹಾಳೆ ಬೇಡ, ಮುಖಕ್ಕೆ ಕಾಗದ ಅಂಟಿಸಿದ್ದೇ ತರಿಸುತ್ತೇವೆ. ಬಲೆ ಇದ್ದರೆ ಗೋಡೆಯ ಅಂಟು ಬಿಲ್ಲೆಗೆ ಪೂರ್ತಿ ತಾಗುವುದಿಲ್ಲ.

ಅಂಟಿನ ವಿಷಯದಲ್ಲಿ ನಮಗೂ ಹಳೆಯ ಚಾಳಿ ಬಿಡಬೇಕಾಯಿತು. ಟೈಲ್ಸಿನ ಬೆನ್ನಿಗೆ ಐದು ಗುಪ್ಪೆ ಸಿಮೆಂಟು ಹಚ್ಚಿ ಗೋಡೆಗೆ ಒತ್ತುವುದು ನಮ್ಮ ಕಡೆಯ ಪದ್ಧತಿ. ಗುಪ್ಪೆಗಳ ನಡುವಿನ ಪೊಳ್ಳಿನಲ್ಲಿ ನೀರು ಸೇರುತ್ತದೆ. ನೀರನ್ನು ಒಳಗೆ ಬಿಡದ ಪೋರ್ಸಲೇನು ಬರಿ ಸಿಮೆಂಟಿನ ಹಾಲನ್ನೂ ಒಳಗೆ ಬಿಡುವುದಿಲ್ಲ, ಹಿಡಿತವೇ ಸಿಗದು. ಅದಕ್ಕೆ ಪಾಲಿಮರ್ ಬೆರೆತ ಅಂಟನ್ನೇ ಹಲ್ಲಿನ ಕರಣೆಯಿಂದ ಪೂರ್ತಿ ಹರವಿ ಕೂರಿಸುತ್ತೇವೆ. ಎಪಾಕ್ಸಿಗೂ ಬಿಸಿಲಿಗೂ ಆಗಿಬರುವುದಿಲ್ಲ. ಬೇಸಿಗೆ ಮಧ್ಯಾಹ್ನ ಕಲಸಿದರೆ ಬಟ್ಟಲಲ್ಲೇ ಗಟ್ಟಿ. ನಮ್ಮ ಹುಡುಗರು ಬೆಳಿಗ್ಗೆ ಆರಕ್ಕೆ ಬಂದು ಒಂಬತ್ತಕ್ಕೆ ಕೈ ತೊಳೆದು ನೆರಳಿಗೆ ಕೂತರೆ ಕಳ್ಳತನ ಅಂದುಕೊಳ್ಳಬೇಡಿ. ಬಿಳಿ ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತದೆ, ಬೂದು ಬಣ್ಣ ಆರಿಸಿ. ಕಟ್ಟೆಗೂ ಟೈಲ್ಸಿಗೂ ನಡುವಿನ ಸಂದಿಗೆ ಅದೂ ಬೇಡ, ಅಲ್ಲಿ ಸಿಲಿಕೋನಿನಂತೆ ಹಿಗ್ಗಿ ಕುಗ್ಗುವ ವಸ್ತುವೇ ಬೇಕು. ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಕಟ್ಟೆ ಅದರ ಜೊತೆ ಆಡುತ್ತದೆ.

ಕೂರಿಸುವ ದಿನ ನೀವೂ ಇದ್ದರೆ ಚೆನ್ನ. ಗೌಂಡಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎದುರು ಬದುರು ಗೋಡೆಗಳಿಗೆ ಮಟ್ಟ ಹಿಡಿಯುತ್ತಾನೆ. ಎದುರಿನ ಗೋಡೆ ಒಂದು ಸೆಂಟಿಮೀಟರ್ ತಗ್ಗಿದ್ದರೂ ಪೂಲ್ ತುಂಬಿದ ದಿನ ಗೊತ್ತಾಗುತ್ತದೆ: ಒಂದು ಕಡೆ ಟೈಲ್ಸ್ ಮೂರು ಇಂಚು ಕಾಣುತ್ತದೆ, ಎದುರಿಗೆ ಎರಡೂವರೆ. ಆಮೇಲೆ ಮಾಡುವುದಕ್ಕೇನೂ ಇರುವುದಿಲ್ಲ. ಅಂಚಿನವರೆಗೂ ತುಂಬಿ ಹೊರಗೆ ಹರಿಯುವ ಓವರ್‌ಫ್ಲೋ ಪೂಲುಗಳಲ್ಲಿ ಲೆಕ್ಕವೇ ಬೇರೆ, ಅಂಥ ಪೂಲ್ ಬೇಕಾದವರ ಜೊತೆ ಪ್ರತ್ಯೇಕ ಮಾತಾಡುತ್ತೇವೆ.

ದುಡ್ಡು ಎಷ್ಟು ಹೆಚ್ಚಾಗುತ್ತದೆ? ಮೇಲೆ ಹೇಳಿದ 30-15 ಅಡಿಯ ಪೂಲಿನ ಸುತ್ತಳತೆ 90 ಅಡಿ, ಆರಿಂಚಿನ ಪಟ್ಟಿ ಅಂದರೆ 45 ಚದರಡಿ. ತಳವೊಂದೇ 450 ಚದರಡಿ ಇರುವಾಗ ಇದು ಅದರ ಹತ್ತನೇ ಒಂದು ಭಾಗ. ಚದರಡಿಗೆ ದರ ದುಪ್ಪಟ್ಟಾದರೂ ಒಟ್ಟು ಬಿಲ್ಲಿನಲ್ಲಿ ಹೊರೆಯಾಗುವಷ್ಟಲ್ಲ. ಎಪಾಕ್ಸಿ ಬಿಳಿ ಸಿಮೆಂಟಿಗಿಂತ ಹಲವು ಪಟ್ಟು ತುಟ್ಟಿ, ಕೂಲಿಯೂ ಹೆಚ್ಚು. ಅದನ್ನು ಅಂದಾಜು ಪಟ್ಟಿಯಲ್ಲಿ ಬೇರೆಯೇ ಬರೆದು ತೋರಿಸುತ್ತೇವೆ. ಒಂದು ಪೆಟ್ಟಿಗೆ ಹೆಚ್ಚಿಗೆ ಕೊಂಡು ಮನೆಯಲ್ಲಿಡಿ. ಮುಂದೆ ಒಂದು ಒಡೆದರೆ ಅದೇ ಬ್ಯಾಚಿನ ಬಣ್ಣ ಮತ್ತೆ ಸಿಗುವ ಖಾತ್ರಿಯಿಲ್ಲ.

ಕೆಲಸಕ್ಕೆ ಹಿಡಿಯುವ ದಿನಗಳೂ ಹೆಚ್ಚುತ್ತವೆ. ಪ್ಲಾಸ್ಟರ್ ಆದ ಮೇಲೆ 28 ದಿನ, ಎಪಾಕ್ಸಿ ತುಂಬಿದ ಮೇಲೆ 7 ದಿನ ಕಾಯದೆ ನೀರು ಬಿಡುವುದಿಲ್ಲ. ಮದುವೆ, ತೊಟ್ಟಿಲು, ಬೀಗರ ಊಟ ಯಾವುದಿದ್ದರೂ ಮೊದಲೇ ತಾರೀಕು ಹೇಳಿ.

ನಾವು ಈಗಾಗಲೇ ಮಾಡಿಕೊಟ್ಟ ಪೂಲುಗಳವರು ಒಂದು ರೂಪಾಯಿ ನಾಣ್ಯದಿಂದ ಅಂಚಿನ ಟೈಲ್ಸನ್ನು ತಟ್ಟಿ ನೋಡಿ. ಕಣ್ ಎಂದರೆ ಸರಿ ಇದೆ, ಡಬ್ ಎಂದರೆ ಹಿಂದೆ ಪೊಳ್ಳು. ಪೊಳ್ಳಾದವಕ್ಕೆ ಸೀಮೆಸುಣ್ಣದ ಗುರುತು ಹಾಕಿ ಫೋಟೋ ಕಳಿಸಿ. ಎರಡು ವರ್ಷದೊಳಗಿನ ಕೆಲಸವಾದರೆ ಕಿತ್ತು ಹಾಕುವ ಕೂಲಿ ನಮ್ಮದು, ಹೊಸ ಟೈಲ್ಸಿನ ಬೆಲೆ ಮಾತ್ರ ನಿಮ್ಮದು.

ಅಲ್ಲಿಯವರೆಗೆ ಜಿಡ್ಡಿನ ಗೆರೆಗೆ ಒದ್ದೆ ಸ್ಪಂಜಿನ ಮೇಲೆ ಅಡುಗೆ ಸೋಡಾ ಸಾಕು, ಸುಣ್ಣದ ಗೆರೆಗೆ ವಿನೆಗರ್ ಮತ್ತು ಪ್ಲಾಸ್ಟಿಕ್ ಬ್ರಷ್. ತಂತಿ ಬ್ರಷ್ ಮುಟ್ಟಬೇಡಿ. ಯಾವ ಕಾರಣಕ್ಕೂ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿಗೆ ಹಾಕಬೇಡಿ, ಏಳುವ ಕ್ಲೋರಿನ್ ಗಾಳಿ ಜೀವಕ್ಕೇ ಅಪಾಯ. ತೋಟದ ಆಳಿಗೂ ಇದನ್ನು ಓದಿ ಹೇಳಿ.

ಹೊಸ ಕೆಲಸಕ್ಕೆ ಬರುವವರು ನಿಮ್ಮ ಬೋರಿನ ನೀರನ್ನು ಒಂದು ಲೀಟರ್ ಬಾಟಲಿಯಲ್ಲಿ ತನ್ನಿ. ಮೋಟರ್ ಹಾಕಿ ಐದು ನಿಮಿಷ ಬಿಟ್ಟು ಹಿಡಿದ ನೀರಾಗಿರಲಿ. ಗಡಸುತನ ನೋಡಿದ ಮೇಲೆಯೇ ಟೈಲ್ಸಿನ ಮಾತು. ಸೋಮವಾರ ಅಂಗಡಿ ರಜೆ.

ಇಂತಿ ನಿಮ್ಮ,
ಪೂಲ್ ಮತ್ತು ಟೈಲ್ಸ್ ಕೆಲಸದವರು
ಕಲಬುರಗಿ